ನೆಲದೊಡನೆ ನಡೆವ ಕರಾರು: ಅಮೆರಿಕದ ಮನೆಯೊಡೆಯರ ಸಂಘಗಳ ಗುಣದೋಷ ವಿಚಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂದು 7 ಕೋಟಿಗೂ ಮಿಕ್ಕ ಜನರು ಒಂದಲ್ಲ ಒಂದು ಮನೆಯೊಡೆಯರ ಸಂಘದ ಕಟ್ಟುಪಾಡಿನಲ್ಲಿ ವಾಸಿಸುತ್ತಿದ್ದಾರೆ. 1970ರಲ್ಲಿ ಇಂತಹ ಸಂಘಗಳು ಸುಮಾರು 10,000 ಇದ್ದುವು. ಈಗ ಅವುಗಳ ಸಂಖ್ಯೆ 3,50,000ವನ್ನು ಮೀರಿದೆಯೆಂದು ಆ ಸಂಘಗಳದೇ ರಾಷ್ಟ್ರೀಯ ಸಂಸ್ಥೆಯೊಂದು ಲೆಕ್ಕ ಹಾಕಿದೆ. ಇಂತಹ ಬಡಾವಣೆಯಲ್ಲಿ ಮನೆ ಕೊಂಡವನು ಕ್ರಯಪತ್ರಕ್ಕೆ ರುಜು ಹಾಕಿದೊಡನೆಯೇ ಸಂಘದ ಸದಸ್ಯನಾಗುತ್ತಾನೆ. ಸೇರುವೆನು, ಸೇರಲೊಲ್ಲೆನು ಎಂಬ ಆಯ್ಕೆ ಅವನಿಗಿಲ್ಲ. ಸಂಘವು ತಿಂಗಳ ಅಥವಾ ವರ್ಷದ ವಂತಿಗೆಯನ್ನು ಎತ್ತುತ್ತದೆ. ರಸ್ತೆ, ಉದ್ಯಾನ, ಈಜುಕೊಳಗಳನ್ನು ನೋಡಿಕೊಳ್ಳುತ್ತದೆ. ಮನೆಯ ಹೊರಗೋಡೆಗೆ ಯಾವ ಬಣ್ಣ, ಬೇಲಿ ಎಷ್ಟು ಎತ್ತರ, ಒಗೆದ ಬಟ್ಟೆಯನ್ನು ಹೊರಗೆ ಹರವಬಹುದೇ ಎಂಬುದನ್ನೆಲ್ಲ ಗೊತ್ತುಮಾಡುತ್ತದೆ. ಮೀರಿದವರಿಗೆ ದಂಡ ವಿಧಿಸುತ್ತದೆ. ವಂತಿಗೆ ಬಾಕಿ ಉಳಿದರೆ ಅನೇಕ ರಾಜ್ಯಗಳಲ್ಲಿ ಅದು ಮನೆಯನ್ನೇ ಹರಾಜಿಗೆ ತರಬಲ್ಲದು. ತೆರಿಗೆ, ಶಾಸನ, ದಂಡ, ಈ ಮೂರೂ ಪ್ರಭುತ್ವದ ಲಕ್ಷಣಗಳು. ಆದರೂ ಕಾನೂನಿನ ಕಣ್ಣಿಗೆ ಈ ಸಂಘವು ಪ್ರಭುತ್ವವಲ್ಲ. ಖಾಸಗಿ ವ್ಯಕ್ತಿಗಳು ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದ ಮಾತ್ರ.

ಈ ವ್ಯವಸ್ಥೆಯ ಗುಣದೋಷಗಳನ್ನು ಕುರಿತು ಆ ದೇಶದಲ್ಲಿ ವಿಪುಲವಾದ ಚರ್ಚೆ ನಡೆದಿದೆ. ಗುಣಗಳು ಒಳ್ಳೆಯ ಕಾರ್ಯಕಾರಿ ಮಂಡಲಿಯಿಂದಲೂ ದೋಷಗಳು ಕೆಟ್ಟ ಮಂಡಲಿಯಿಂದಲೂ ಬರುವುವೆಂದು ಎಣಿಸುವುದು ಆ ಚರ್ಚೆಯ ರೂಢಿ. ಅಧ್ಯಕ್ಷನು ಸಜ್ಜನನಾದರೆ ಉದ್ಯಾನ ಹಸಿರಾಗಿರುತ್ತದೆ, ದುರ್ಜನನಾದರೆ ದಂಡದ ಚೀಟಿ ಬರುತ್ತದೆ, ಎಂಬಂತೆ. ಸಂಘಗಳ ಇತಿಹಾಸವನ್ನು ಹಿಂದಿನಿಂದ ನೋಡುತ್ತ ಬಂದರೆ ಈ ಎಣಿಕೆ ನಿಲ್ಲುವುದಿಲ್ಲವೆಂದು ನಮಗೆ ತೋರಿದೆ. ಉದ್ಯಾನವನ್ನು ಕಾದುದೂ, ನೆರೆಯವನನ್ನು ಹೊರಗಿಟ್ಟುದೂ, ಮುದುಕಿಯ ಮನೆಯನ್ನು ಹರಾಜು ಹಾಕಿದುದೂ ಒಂದೇ ಸಾಧನ. ಆ ಸಾಧನವೇ ನೆಲದೊಡನೆ ನಡೆವ ಕರಾರು, ಅಂದರೆ ಮಾಡಿದವನು ಗತಿಸಿದ ಮೇಲೂ ನೆಲಕ್ಕೆ ಅಂಟಿಕೊಂಡು, ಮುಂದೆ ಬಂದವರನ್ನೆಲ್ಲ ಕಟ್ಟುವ ಕರಾರು. ಅದು ಹುಟ್ಟಿ ಬೆಳೆದ ಬಗೆಯನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಸಾಮಾನ್ಯವಾಗಿ ಕರಾರು ಮಾಡಿಕೊಂಡವರನ್ನು ಮಾತ್ರ ಕಟ್ಟುತ್ತದೆ. ಈ ನಿಯಮಕ್ಕೆ ದೊಡ್ಡ ಅಪವಾದವು ಇಂಗ್ಲೆಂಡಿನಲ್ಲಿ 1848ರಲ್ಲಿ ಏರ್ಪಟ್ಟಿತು. ಲಂಡನ್ನಿನ ಲೆಸ್ಟರ್ ಚೌಕದ ಸುತ್ತ ಮನೆಗಳನ್ನು ಹೊಂದಿದ್ದ ಟಲ್ಕ್ ಎಂಬಾತನು ಚೌಕದ ನಡುವಣ ತೋಟವನ್ನು 1808ರಲ್ಲಿ ಮಾರಿದನು. ಕೊಂಡವನು ಆ ತೋಟವನ್ನು ಕಟ್ಟಡವಿಲ್ಲದೆ ತೆರವಾಗಿಟ್ಟು, ಅದರ ಕಬ್ಬಿಣದ ಕಟಾಂಜನವನ್ನು ಸುಸ್ಥಿತಿಯಲ್ಲಿಟ್ಟು, ಸುತ್ತಲಿನ ನಿವಾಸಿಗಳು ತಕ್ಕ ಹಣ ಕೊಟ್ಟರೆ ಅವರಿಗೆ ಬೀಗದ ಕೈ ಕೊಡತಕ್ಕದ್ದೆಂದು ಕರಾರಾಯಿತು. ತೋಟವು ಕೈಯಿಂದ ಕೈಗೆ ಹೋಗಿ ಕೊನೆಗೆ ಮಾಕ್ಸ್‌ಹೇ ಎಂಬಾತನಿಗೆ ಬಂದಿತು. ಅವನ ಕ್ರಯಪತ್ರದಲ್ಲಿ ಈ ಕರಾರು ಇರಲಿಲ್ಲ. ಆದರೆ ಅದು ಇದ್ದ ಸಂಗತಿ ಅವನಿಗೆ ಗೊತ್ತಿತ್ತು. ಅವನು ಅಲ್ಲಿ ಕಟ್ಟಡ ಎಬ್ಬಿಸಲು ಹೊರಟಾಗ ಟಲ್ಕ್ ನ್ಯಾಯಾಲಯದ ಮೊರೆಹೊಕ್ಕನು. ಲಾರ್ಡ್ ಚಾನ್ಸಲರ್ ಕಾಟೆನ್‌ಹ್ಯಾಮನು ತಡೆಯಾಜ್ಞೆಯನ್ನು ಎತ್ತಿಹಿಡಿದನು. ಕರಾರಿನ ಭಾರವಿರುವ ಕಾರಣ ನೆಲವನ್ನು ಕಡಮೆ ಬೆಲೆಗೆ ಕೊಂಡವನು ಮರುದಿನವೇ ಭಾರವಿಲ್ಲದ ನೆಲವೆಂದು ಹೆಚ್ಚಿನ ಬೆಲೆಗೆ ಮಾರುವಂತಾದರೆ ಅದಕ್ಕಿಂತ ಅನ್ಯಾಯವುಂಟೇ ಎಂಬುದು ಅವನ ವಾದದ ಸಾರ. ವಾದ ಸಮಂಜಸವಾಗಿಯೇ ಇದೆ. ಆದರೆ ಆ ದಿನ ತೆರೆದ ಬಾಗಿಲಿನಿಂದ ಮುಂದೆ ಏನೇನು ಒಳಹೊಕ್ಕಿತೆಂಬುದನ್ನು ಆ ನ್ಯಾಯಾಧೀಶನು ಊಹಿಸಿರಲಾರನು.

ಅಮೆರಿಕದಲ್ಲಿಯೂ ಮೊದಲ ಪ್ರಯತ್ನಗಳು ತೋಟವನ್ನು ಸುತ್ತಿಕೊಂಡೇ ನಡೆದುವು. ನ್ಯೂಯಾರ್ಕಿನಲ್ಲಿ ಸ್ಯಾಮ್ಯುಯೆಲ್ ರಗಲ್ಸ್ ಎಂಬಾತನು 1831ರಲ್ಲಿ ಗ್ರಾಮರ್ಸಿ ಪಾರ್ಕ್ ಎಂಬ ಉದ್ಯಾನವನ್ನು ಏರ್ಪಡಿಸಿ, ಅದನ್ನು ಧರ್ಮದರ್ಶಿಗಳಿಗೆ ಒಪ್ಪಿಸಿ, ಸುತ್ತಲಿನ ನಿವೇಶನದಾರರಿಗೆ ಮಾತ್ರ ಬೀಗದ ಕೈಯ ಹಕ್ಕು ಕೊಟ್ಟನು. ಬಾಸ್ಟನ್ನಿನ ಲೂಯಿಸ್‌ಬರ್ಗ್ ಚೌಕದ ಒಡೆಯರು ನಡುವಣ ತೋಟವನ್ನು ನೋಡಿಕೊಳ್ಳಲು 1844ರಲ್ಲಿ ತಮ್ಮೊಳಗೆ ಕಟ್ಟಿಕೊಂಡ ಮಂಡಲಿಯನ್ನು ಆ ದೇಶದ ಮೊದಲ ಮನೆಯೊಡೆಯರ ಸಂಘವೆಂದು ಹಲವರು ಗಣಿಸುತ್ತಾರೆ. ಇವೆಲ್ಲ ಶ್ರೀಮಂತರ ಸಣ್ಣ ಏರ್ಪಾಡುಗಳು. ಇದನ್ನು ಒಂದು ವ್ಯಾಪಾರಪದ್ಧತಿಯನ್ನಾಗಿ ಬೆಳೆಸಿದವರು ಬಡಾವಣೆ ನಿರ್ಮಿಸುವ ಕಂಪನಿಗಳು: ಬಾಲ್ಟಿಮೋರಿನಲ್ಲಿ 1891ರಿಂದ ರೋಲೆಂಡ್ ಪಾರ್ಕ್ ಕಂಪನಿ, ಅದನ್ನು ನೋಡಿ ಕಲಿತ ಕ್ಯಾನ್ಸಸ್ ಸಿಟಿಯ ಜೆ. ಸಿ. ನಿಕೊಲ್ಸ್.

ನಿಕೊಲ್ಸನು 1880ರಿಂದ 1950ರವರೆಗೆ ಬದುಕಿದ್ದವನು. ಬಡಾವಣೆಯನ್ನು ಮಾರಿ ಕೈತೊಳೆದುಕೊಂಡರೆ ಇಪ್ಪತ್ತು ವರ್ಷಗಳಲ್ಲಿ ಅದು ಕೆಡುತ್ತದೆಂಬುದನ್ನು ಅವನು ಕಂಡಿದ್ದನು. ಆ ಕಾಲದ ಕರಾರುಗಳಿಗೆ ಒಂದು ಅವಧಿ ಇರುತ್ತಿತ್ತು. ಅವಧಿ ಮುಗಿದೊಡನೆ ಪಕ್ಕದ ಮನೆ ಅಂಗಡಿಯಾಗುತ್ತಿತ್ತು. ನಿಕೊಲ್ಸ್ ಇದಕ್ಕೆ ಒಂದು ಉಪಾಯವನ್ನು ಹೂಡಿದನು. ಅವಧಿ ಮುಗಿಯುವುದಕ್ಕೆ 5 ವರ್ಷ ಮೊದಲೇ ಬಹುಮತದ ಒಡೆಯರು ಬೇಡವೆಂದು ಬರೆದು ನೋಂದಾಯಿಸದಿದ್ದರೆ ಕರಾರು ತಾನಾಗಿ ಮುಂದುವರಿಯತಕ್ಕದ್ದು ಎಂಬುದೇ ಆ ಉಪಾಯ. ಐದು ವರ್ಷ ಮುಂಚಿತವಾಗಿ ಎಚ್ಚೆತ್ತು ನೆರೆಹೊರೆಯವರ ರುಜುಗಳನ್ನು ಕೂಡಿಸುವ ಗೃಹಸ್ಥರು ಎಲ್ಲಿ ತಾನೇ ಸಿಕ್ಕಾರು? ಹೀಗೆ ಕರಾರಿಗೆ ಅಮರತ್ವ ಬಂದಿತು. ಅದನ್ನು ಜಾರಿಗೆ ತರಲು ಒಂದು ಕೈ ಬೇಕಾಗಿತ್ತು. ಮಿಷನ್ ಹಿಲ್ಸ್ ಎಂಬಲ್ಲಿ 1914ರಲ್ಲಿ ಅವನು ಸ್ಥಾಪಿಸಿದ ನಿವಾಸಿಗಳ ಸಂಘವೇ ಆ ಕೈ.

ಸಂಘಕ್ಕೆ ಹಣದ ಬಲವು ನ್ಯಾಯಾಲಯದಿಂದ ದೊರೆತುದು ಇನ್ನೂ ತಡವಾಗಿ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ನೆಪಾನ್‌ಸಿಟ್ ಎಂಬ ಕಡಲತೀರದ ಬಡಾವಣೆಯಲ್ಲಿ 1917ರ ಕ್ರಯಪತ್ರವೊಂದು ಪ್ರತಿ ನಿವೇಶನಕ್ಕೆ ವರ್ಷಕ್ಕೆ 4 ಡಾಲರಿಗೆ ಮೀರದಂತೆ ವಂತಿಗೆಯನ್ನು ಗೊತ್ತುಮಾಡಿತ್ತು; ಹಣವು ರಸ್ತೆ, ಕಾಲುದಾರಿ, ಉದ್ಯಾನ, ತೀರ, ಚರಂಡಿಗಳಿಗೆ ಸಲ್ಲಬೇಕು. ನಿವೇಶನವು ಮುಂದೆ ಹರಾಜಿನಲ್ಲಿ ಒಂದು ಬ್ಯಾಂಕಿನ ಪಾಲಾಯಿತು. ನಾವು ಕರಾರು ಮಾಡಿಕೊಂಡವರಲ್ಲ, ಸಂಘಕ್ಕೆ ಅಲ್ಲಿ ಸ್ವಂತ ನೆಲವೂ ಇಲ್ಲ, ಹಣ ಏಕೆ ಕೊಡಬೇಕು ಎಂದಿತು ಬ್ಯಾಂಕು. ರಾಜ್ಯದ ಉಚ್ಚತಮ ನ್ಯಾಯಾಲಯವು 1938ರಲ್ಲಿ ಸಂಘದ ಪರವಾಗಿ ತೀರ್ಪಿತ್ತಿತು: ವಂತಿಗೆಯ ಕರಾರು ನೆಲಕ್ಕೆ ಸಂಬಂಧಪಟ್ಟುದೇ ಸರಿ, ಸಂಘವು ನಿವಾಸಿಗಳ ಪ್ರತಿನಿಧಿಯಾಗಿ ಅದನ್ನು ವಸೂಲು ಮಾಡಬಹುದು. ಇಂದಿನ ಸಹಸ್ರಾರು ಕೋಟಿ ಡಾಲರುಗಳ ವಂತಿಗೆಯು ಈ ನಾಲ್ಕು ಡಾಲರಿನ ಮೇಲೆ ನಿಂತಿದೆಯೆಂದರೆ ಹೆಚ್ಚು ತಪ್ಪಾಗಲಾರದು.

ಇಷ್ಟು ಹೊತ್ತು ತೋಟ, ರಸ್ತೆ, ಚರಂಡಿಗಳ ಮಾತಾಯಿತು. ಅದೇ ಪತ್ರಗಳಲ್ಲಿ, ಬಹಳ ಸಲ ಅದೇ ಪುಟದಲ್ಲಿ, ಇನ್ನೊಂದು ನಿಬಂಧನೆಯಿರುತ್ತಿತ್ತು: ಈ ನೆಲವನ್ನು ಬಿಳಿಯ ಜನಾಂಗದವರಲ್ಲದವರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು, ಅವರು ಇಲ್ಲಿ ವಾಸಿಸಕೂಡದು, ಮನೆಗೆಲಸದವರು ಮಾತ್ರ ಇರಬಹುದು. ನಿಕೊಲ್ಸನ ಬಡಾವಣೆಗಳಲ್ಲಿಯೂ ಇಂತಹ ನಿಬಂಧನೆಯಿತ್ತು. ಇದರ ಪ್ರಸಾರಕ್ಕೆ ಒಂದು ವಿಚಿತ್ರವಾದ ಕಾರಣವುಂಟು. ಕಪ್ಪು ಜನಾಂಗದವರು ಬಿಳಿಯರ ಬೀದಿಗಳಲ್ಲಿ ವಾಸಿಸಬಾರದೆಂದು ಕೆಂಟಕಿಯ ಲೂಯಿವಿಲ್ ನಗರವು ಮಾಡಿದ್ದ ಕಟ್ಟಳೆಯನ್ನು ಸರ್ವೋಚ್ಚ ನ್ಯಾಯಾಲಯವು 1917ರಲ್ಲಿ ರದ್ದುಪಡಿಸಿತು. ನಗರಸಭೆ ಮಾಡಲಾರದುದನ್ನು ನೆರೆಹೊರೆಯವರ ಒಪ್ಪಂದವು ಮಾಡಬಹುದೇ? ಆ ಪ್ರಶ್ನೆ 1926ರಲ್ಲಿ ಬಂದಾಗ ಅದೇ ನ್ಯಾಯಾಲಯವು ಇದು ಖಾಸಗಿ ವ್ಯಕ್ತಿಗಳ ವ್ಯವಹಾರ, ಸಂವಿಧಾನದ ಪ್ರಶ್ನೆ ಏಳುವುದಿಲ್ಲವೆಂದು ಕೈಬಿಟ್ಟಿತು. ಸರ್ಕಾರಕ್ಕೆ ಮುಚ್ಚಿದ ದಾರಿ ಸಂಘಗಳಿಗೆ ತೆರೆದಂತಾಯಿತು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಕೇಂದ್ರ ಸರ್ಕಾರದ ಇಲಾಖೆಯು ಗೃಹಸಾಲಗಳಿಗೆ ವಿಮೆ ಕೊಡುವಾಗ ಇಂತಹ ನಿಬಂಧನೆಗಳನ್ನು ತಾನೇ ಶಿಫಾರಸು ಮಾಡಿತು. ಪ್ರಾಸಂಗಿಕವಾಗಿ ಹೇಳುವುದಾದರೆ, ಭಾರತೀಯನು ಆ ದೇಶದ ಪೌರತ್ವದ ಕಾನೂನಿನ ಅರ್ಥದಲ್ಲಿ ಬಿಳಿಯನಲ್ಲವೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ತೀರ್ಪಾಗಿತ್ತು. ಆದುದರಿಂದ ಈ ಬಾಗಿಲು ನಮ್ಮವರಿಗೂ ಮುಚ್ಚಿದುದೇ.

ಮಿಸೌರಿ ರಾಜ್ಯದ ಸೇಂಟ್ ಲೂಯಿ ನಗರದ ಲಬಾಡೀ ಬೀದಿಯ ಪ್ರಸಂಗವು ಈ ಇತಿಹಾಸದ ನಡುಗಂಬ. ಆ ಬೀದಿಯ 39 ಒಡೆಯರಲ್ಲಿ 30 ಮಂದಿ 1911ರ ಫೆಬ್ರವರಿಯಲ್ಲಿ 50 ವರ್ಷಗಳ ಕರಾರಿಗೆ ರುಜು ಹಾಕಿದ್ದರು: ಕಪ್ಪು ಜನಾಂಗದವರೂ ಮಂಗೋಲಿಯನ್ ಜನಾಂಗದವರೂ ಇಲ್ಲಿ ವಾಸಿಸಕೂಡದು. ಆ ಪ್ರದೇಶದ ಕೆಲವು ಮನೆಗಳಲ್ಲಿ ಕಪ್ಪು ಜನಾಂಗದ ಕುಟುಂಬಗಳು ಬಹಳ ಹಿಂದಿನಿಂದಲೂ ಇದ್ದುವು. ಮೊಕದ್ದಮೆಯ ವೇಳೆಗೆ ಕೆಲವರು ಅಲ್ಲಿಗೆ ಬಂದು 23 ವರ್ಷ, ಕೆಲವರು 63 ವರ್ಷ ಆಗಿದ್ದಿತೆಂದು ತೀರ್ಪಿನಲ್ಲಿಯೇ ದಾಖಲೆಯಿದೆ. 1945ರಲ್ಲಿ ಶೆಲ್ಲಿ ದಂಪತಿಗಳು ಅಲ್ಲಿ ಒಂದು ಮನೆ ಕೊಂಡರು. ಕರಾರಿನ ವಿಚಾರ ಅವರಿಗೆ ಗೊತ್ತಿರಲಿಲ್ಲ. ಅದೇ ಬೀದಿಯ ಬೇರೊಂದು ಮನೆಯ ಒಡೆಯರಾದ ಕ್ರೇಮರ್ ದಂಪತಿಗಳು ಅವರನ್ನು ಹೊರಹಾಕಿಸಲು ದಾವೆ ಹೂಡಿದರು. ಮೊದಲ ನ್ಯಾಯಾಲಯವು ಎಲ್ಲರ ರುಜುವಿಲ್ಲದ ಕರಾರು ಪೂರ್ಣವಲ್ಲವೆಂದು ದಾವೆಯನ್ನು ತಳ್ಳಿಹಾಕಿತು. ರಾಜ್ಯದ ಉಚ್ಚತಮ ನ್ಯಾಯಾಲಯವು ಅದನ್ನು ತಿರುಗಿಸಿ ಶೆಲ್ಲಿಯವರು ಮನೆ ಬಿಡಬೇಕೆಂದಿತು.

ಕೊನೆಯ ತೀರ್ಪು ಬಂದುದು 1948ರ ಮೇ 3ರಂದು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಮೂವರು ವಿಚಾರಣೆಯಿಂದ ಹಿಂದೆ ಸರಿದರು. ಅವರು ಕಾರಣ ಹೇಳಲಿಲ್ಲ. ಅವರ ಸ್ವಂತ ಮನೆಗಳ ಮೇಲೆಯೇ ಇಂತಹ ಕರಾರುಗಳಿದ್ದುವೆಂಬ ಊಹೆ ಪ್ರಚಲಿತವಾಗಿದೆ. ಉಳಿದ ಆರು ಮಂದಿ ಏಕಮತದಿಂದ ನೀಡಿದ ತೀರ್ಪನ್ನು ಮುಖ್ಯ ನ್ಯಾಯಮೂರ್ತಿ ಫ್ರೆಡ್ ವಿನ್ಸನ್ ಬರೆದರು. ಅವರ ವಾದ ಸೂಕ್ಷ್ಮವಾದುದು. ನೆರೆಹೊರೆಯವರು ಸ್ವಇಚ್ಛೆಯಿಂದ ಪಾಲಿಸುವವರೆಗೆ ಆ ಕರಾರು ಸಂವಿಧಾನವನ್ನು ಮೀರುವುದಿಲ್ಲ. ಆದರೆ ಅದನ್ನು ಜಾರಿಗೊಳಿಸೆಂದು ನ್ಯಾಯಾಲಯಕ್ಕೆ ಬಂದರೆ, ನ್ಯಾಯಾಲಯದ ಆಜ್ಞೆಯು ರಾಜ್ಯದ ಕೃತ್ಯವಾಗುತ್ತದೆ. ರಾಜ್ಯವು ಜನಾಂಗಭೇದ ಮಾಡಕೂಡದು. ಹೀಗೆ ಕರಾರು ಉಳಿಯಿತು, ಅದರ ಹಲ್ಲು ಮಾತ್ರ ಹೋಯಿತು. ಅಷ್ಟಾದರೂ ಗೃಹಸಾಲದ ಇಲಾಖೆಯು ಕೂಡಲೆ ಕದಲಲಿಲ್ಲ. 1950ರ ಫೆಬ್ರವರಿ 15ರ ಅನಂತರ ನೋಂದಾಯಿಸಿದ ಇಂತಹ ಕರಾರುಗಳಿಗೆ ಮಾತ್ರ ವಿಮೆಯಿಲ್ಲವೆಂದು ಪ್ರಕಟಿಸಿತು. ಮಾರಾಟದಲ್ಲಿಯೇ ಭೇದವನ್ನು ನಿಷೇಧಿಸುವ ನ್ಯಾಯಸಮ್ಮತ ವಸತಿ ಕಾಯಿದೆ ಬರಲು 1968ರವರೆಗೆ ಕಾಯಬೇಕಾಯಿತು. ಹಳೆಯ ಪತ್ರಗಳಲ್ಲಿ ಆ ಮಾತುಗಳು ಹಾಗೆಯೇ ಉಳಿದುವು. ಕ್ಯಾಲಿಫೋರ್ನಿಯಾದಲ್ಲಿ ಜಿಲ್ಲಾ ನೋಂದಣಿ ಕಚೇರಿಗಳು ತಾವಾಗಿಯೇ ಹುಡುಕಿ ಅವನ್ನು ಹೊಡೆದುಹಾಕಬೇಕೆಂಬ ಶಾಸನವಾದುದು 2021ರಲ್ಲಿ.

ಈ ಅಧ್ಯಾಯವನ್ನು ನೋಡಿದವರು ಸಂಘವೆಂಬುದೇ ಭೇದದ ಕೂಸು ಎನ್ನಲು ಮನಸ್ಸು ಮಾಡಬಹುದು. ಅದು ಅವಸರದ ಮಾತು. ಬಾಲ್ಟಿಮೋರಿಗೂ ವಾಷಿಂಗ್ಟನ್ನಿಗೂ ನಡುವೆ ಜೇಮ್ಸ್ ರೌಸ್ ಎಂಬವರು ನಿರ್ಮಿಸಿ 1967ರಲ್ಲಿ ತೆರೆದ ಕೊಲಂಬಿಯಾ ಪಟ್ಟಣವು ಆರಂಭದಿಂದಲೇ ಎಲ್ಲ ಜನಾಂಗದವರಿಗೂ ತೆರೆದಿತ್ತು. ವಸತಿ ಕಾಯಿದೆ ಇನ್ನೂ ಬಂದಿರಲಿಲ್ಲ. ಅಲ್ಲಿಯ ಕಾಲುದಾರಿ, ಈಜುಕೊಳ, ಸರೋವರಗಳನ್ನು ನೋಡಿಕೊಂಡು ಬಂದುದು ವಂತಿಗೆಯಿಂದ ನಡೆಯುವ ಸಂಘವೇ, ಅದೇ ನೆಪಾನ್‌ಸಿಟ್ ತೀರ್ಪಿನ ಬಲದಿಂದ. ನ್ಯೂಜೆರ್ಸಿಯಲ್ಲಿ ಕ್ಲಾರೆನ್ಸ್ ಸ್ಟೈನ್, ಹೆನ್ರಿ ರೈಟ್ ಎಂಬ ವಾಸ್ತುಶಿಲ್ಪಿಗಳು 1929ರಲ್ಲಿ ಆರಂಭಿಸಿದ ರ್ಯಾಡ್‌ಬರ್ನ್ ಇನ್ನೂ ಹಿಂದಿನ ಮಾದರಿ. ಅಲ್ಲಿ ಮನೆಗಳು ಉದ್ಯಾನದ ಕಡೆಗೆ ಮುಖಮಾಡಿವೆ, ಮೋಟಾರುಗಳು ಹಿಂದಿನ ಓಣಿಯಲ್ಲಿ ಬರುತ್ತವೆ, ಮಕ್ಕಳು ವಾಹನಗಳ ನಡುವೆ ರಸ್ತೆ ದಾಟದೆ ಶಾಲೆಗೆ ಹೋಗಬಹುದು. ಇಷ್ಟೊಂದು ಸಾಮಾನ್ಯ ಭೂಮಿಯನ್ನು ದಶಕಗಳ ಕಾಲ ಕಾಪಾಡುವ ಸಂಸ್ಥೆಯಿಲ್ಲದೆ ಅಂತಹ ಪಟ್ಟಣವನ್ನು ಯೋಚಿಸಲೂ ಸಾಧ್ಯವಿರಲಿಲ್ಲ. ಆದರೆ ಆ ರ್ಯಾಡ್‌ಬರ್ನಿನ ಸಂಘದಲ್ಲಿ ವಂತಿಗೆ ಕೊಡುವ ಸಾಮಾನ್ಯ ನಿವಾಸಿಗೆ ಸದಸ್ಯತ್ವವೇ ಇರಲಿಲ್ಲ! ಒಡೆಯರೆಲ್ಲರೂ ಸದಸ್ಯರು, ಎಲ್ಲರಿಗೂ ಮತದಾನದ ಹಕ್ಕು ಎಂದು ರಾಜ್ಯವು ಶಾಸನ ಮಾಡಿದುದು 2017ರಲ್ಲಿ. ಎಂಬತ್ತೆಂಟು ವರ್ಷ ಉದ್ಯಾನವು ಚೆನ್ನಾಗಿದ್ದಿತು. ಮತ ಮಾತ್ರ ಇರಲಿಲ್ಲ.

ಸಂಘಗಳು ಸಾವಿರಗಟ್ಟಲೆಯಾಗಿ ಹಬ್ಬಿದುದು 1960ರ ಅನಂತರ. ಗೃಹಸಾಲದ ಇಲಾಖೆಯೂ ನಗರ ಭೂಮಿ ಸಂಸ್ಥೆಯೂ ಕೂಡಿ 1964ರಲ್ಲಿ ಸಂಘ ಕಟ್ಟುವ ಕೈಪಿಡಿಯನ್ನೇ ಹೊರತಂದುವು. ಇದಕ್ಕೆ ಸ್ವಲ್ಪ ಮುಂಚೆ, ಒಂದೇ ಕಟ್ಟಡದಲ್ಲಿ ಒಬ್ಬೊಬ್ಬರು ಒಂದೊಂದು ವಸತಿಗೆ ಒಡೆಯರಾಗಿ ನೆಲ, ಮೆಟ್ಟಿಲು, ಮಾಳಿಗೆಗಳನ್ನು ಸಾಮಾನ್ಯವಾಗಿ ಹೊಂದುವ ಕಾಂಡೊಮಿನಿಯಂ ಪದ್ಧತಿಗೆ 1961ರಲ್ಲಿ ಸಾಲವಿಮೆ ದೊರೆತು, ಮರುವರ್ಷ ಒಂದು ಮಾದರಿ ಶಾಸನವೂ ಸಿದ್ಧವಾಯಿತು. ನಮ್ಮ ಓದುಗರಿಗೆ ಈ ಶಾಸನದ ಪರಿಭಾಷೆ ಅಪರಿಚಿತವಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯಲ್ಲಿ ಬರುವ ಘೋಷಣಾಪತ್ರ, ಸಾಮಾನ್ಯ ಪ್ರದೇಶಗಳು ಮತ್ತು ಸೌಕರ್ಯಗಳು, ಸೀಮಿತ ಸಾಮಾನ್ಯ ಪ್ರದೇಶಗಳು, ಸಾಮಾನ್ಯ ವೆಚ್ಚಗಳು ಎಂಬ ಮಾತುಗಳು ಅಲ್ಲಿಯೂ ಇವೆ. ವೆಚ್ಚ ಕೊಡದಿದ್ದರೆ ಅದು ವಸತಿಯ ಮೇಲೆ ಋಣಭಾರವಾಗುವುದೆಂಬ ತತ್ತ್ವವೂ ಎರಡರಲ್ಲಿಯೂ ಉಂಟು. ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಪ್ರತಿ ತಿಂಗಳು ನಿರ್ವಹಣೆಯ ಹಣ ಕಟ್ಟುವ ಗೃಹಸ್ಥನಿಗೆ ನೆಪಾನ್‌ಸಿಟ್ ಎಂಬ ಹೆಸರು ಗೊತ್ತಿರಬೇಕಾಗಿಲ್ಲ, ಬಂಧುತ್ವವಂತೂ ಇದೆ. ಹೊರಗಿಡುವ ಪ್ರಶ್ನೆಯಲ್ಲಿ ಮಾತ್ರ ಭಾರತದ ದಾರಿ ಬೇರೆಯಾಯಿತು. ಅಹಮದಾಬಾದಿನ ಪಾರಸಿಗಳ ಸಹಕಾರ ಗೃಹಸಂಘವೊಂದು ಪಾರಸಿಗಳಲ್ಲದವರಿಗೆ ಸದಸ್ಯತ್ವ ಕೊಡದಿರುವ ಉಪವಿಧಿಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಎತ್ತಿಹಿಡಿದಿದೆ. ಅಲ್ಪಸಂಖ್ಯಾತರ ಆತ್ಮರಕ್ಷಣೆಯೂ ಬಹುಸಂಖ್ಯಾತರ ಬಹಿಷ್ಕಾರವೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಆ ತೀರ್ಪಿನ ಮಾತುಗಳನ್ನು ಯಾರು ಬೇಕಾದರೂ ಉಪಯೋಗಿಸಿಕೊಳ್ಳಬಹುದೆಂಬ ಅಳುಕು ನಮಗೆ ಹೋಗಿಲ್ಲ.

ಅಮೆರಿಕದಲ್ಲಿ ಬಳಿಕ ಬಂದ ಏರಿಕೆಗೆ ತೆರಿಗೆಯೂ ಕಾರಣ. ಕ್ಯಾಲಿಫೋರ್ನಿಯಾದ ಮತದಾರರು 1978ರಲ್ಲಿ 13ನೆಯ ಪ್ರಸ್ತಾವವೆಂಬುದನ್ನು ಅಂಗೀಕರಿಸಿ ಆಸ್ತಿತೆರಿಗೆಯನ್ನು ಬೆಲೆಯ ನೂರಕ್ಕೆ 1ರ ಮಟ್ಟಿಗೆ ಕಟ್ಟಿಹಾಕಿದರು. ಕೈಬರಿದಾದ ಪುರಸಭೆಗಳಿಗೆ ತಮ್ಮ ರಸ್ತೆಯನ್ನು ತಾವೇ ನೋಡಿಕೊಳ್ಳುವ ಬಡಾವಣೆಯು ವರವಾಗಿ ಕಂಡಿತು. ನಿವಾಸಿಯು ಪುರಸಭೆಗೂ ತೆರಿಗೆ ಕೊಡುವನು, ಸಂಘಕ್ಕೂ ವಂತಿಗೆ ಕೊಡುವನು. ಎರಡು ಸಲ ತೆತ್ತೆನೆಂಬ ಅವನ ದೂರಿನಲ್ಲಿ ಹುರುಳಿದೆ. ಆದರೆ ಕರಾರುಗಳಿಲ್ಲದ ಬೀದಿಯ ಪಾಡೇನು ಎಂಬುದನ್ನೂ ನೋಡಬೇಕು. ಟೆಕ್ಸಾಸಿನ ಹ್ಯೂಸ್ಟನ್ ಮಹಾನಗರದಲ್ಲಿ ವಸತಿ, ವ್ಯಾಪಾರ, ಕೈಗಾರಿಕೆಗಳಿಗೆ ಪ್ರದೇಶಗಳನ್ನು ವಿಂಗಡಿಸುವ ಕಟ್ಟಳೆಯಿಲ್ಲ. ಕ್ರಯಪತ್ರದ ಕರಾರೇ ಅಲ್ಲಿ ಆ ಕೆಲಸ ಮಾಡುತ್ತದೆ. ಕರಾರು ಇಲ್ಲದ ಬಡವರ ಬೀದಿಯಲ್ಲಿ ಮನೆಯ ಪಕ್ಕದಲ್ಲಿಯೇ ಹಳೆಯ ಮೋಟಾರು ಬಿಚ್ಚುವ ಅಂಗಳ ಬಂದರೆ ಕೇಳುವವರಿಲ್ಲ. ಸಂಘದ ರಕ್ಷಣೆಯು ಬರಿಯ ಒಣಪ್ರತಿಷ್ಠೆಯಲ್ಲವೆಂಬುದು ಅಲ್ಲಿ ಹೋಗಿ ನೋಡಿದರೆ ತಿಳಿಯುವ ಮಾತು.

ಆ ಹ್ಯೂಸ್ಟನ್ನಿನಲ್ಲಿಯೇ 2001ರಲ್ಲಿ ಎಂಬತ್ತು ದಾಟಿದ ವಿಧವೆಯೊಬ್ಬಳ ಮನೆ ಸುಮಾರು 800 ಡಾಲರುಗಳ ವಂತಿಗೆಯ ಬಾಕಿಗಾಗಿ ಹರಾಜಾಯಿತು. ಮನೆಯ ಬೆಲೆ ಒಂದೂವರೆ ಲಕ್ಷ ಡಾಲರಿನಷ್ಟು. ಹರಾಜಿನಲ್ಲಿ ಬಂದುದು 5,000. ಟೆಕ್ಸಾಸು ವಾಸದ ಮನೆಯನ್ನು ಸಾಲಗಾರರಿಂದ ಕಾಯುವುದರಲ್ಲಿ ಹೆಸರಾದ ನಾಡು. ಅದು ಸ್ವತಂತ್ರ ಗಣರಾಜ್ಯವಾಗಿದ್ದ 1839ರಷ್ಟು ಹಿಂದೆಯೇ ಆ ರಕ್ಷಣೆ ಅಲ್ಲಿ ಏರ್ಪಟ್ಟಿತ್ತು. ಅಂತಹ ನಾಡಿನಲ್ಲಿ ಇದು ಹೇಗೆ ಸಾಧ್ಯವಾಯಿತು? 1987ರ ಒಂದು ತೀರ್ಪಿನಲ್ಲಿ ಆ ರಾಜ್ಯದ ಉಚ್ಚತಮ ನ್ಯಾಯಾಲಯವು ಹೇಳಿದುದಿಷ್ಟು: ವಂತಿಗೆಯ ಕರಾರು ಒಡೆಯನು ಮನೆ ಕೊಳ್ಳುವುದಕ್ಕೂ ಮೊದಲೇ ನೆಲಕ್ಕೆ ಅಂಟಿತ್ತು, ವಾಸದ ಮನೆಯೆಂಬ ರಕ್ಷಣೆ ಅನಂತರ ಹುಟ್ಟಿದುದು, ಮೊದಲು ಬಂದುದು ಗೆಲ್ಲತಕ್ಕದ್ದು. ಅಲ್ಪ ಮೊತ್ತಕ್ಕೆ ಮನೆ ಹೋಗುವುದು ಕಠೋರವಾಗಿ ಕಾಣುವುದೆಂದು ನ್ಯಾಯಾಲಯವೇ ಒಪ್ಪಿತು. ಆದರೆ ಒಪ್ಪಂದವು ಒಪ್ಪಂದವೇ. ಲೆಸ್ಟರ್ ಚೌಕದ ತೋಟಕ್ಕೆ ಬೇಲಿಯಾದ ತತ್ತ್ವವೇ ಇಲ್ಲಿ ಮನೆಗೆ ಬೀಗವಾಯಿತು. ವಿಧವೆಯ ಮನೆ ಗದ್ದಲವಾದ ಮೇಲೆ ಅವಳಿಗೆ ಹಿಂದಿರುಗಿತು. ಹರಾಜಾದ 180 ದಿನಗಳೊಳಗೆ ಹಣ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕನ್ನು ಅದೇ ವರ್ಷದ ಶಾಸನ ಕೊಟ್ಟಿತು. 2011ರಲ್ಲಿ ಕಂತುಗಳ ಅವಕಾಶವೂ ಸೇರಿತು.

ಅಲ್ಪವಾದ ಜಗಳಗಳು ಎಷ್ಟೋ ಇವೆ. ಕ್ಯಾಲಿಫೋರ್ನಿಯಾದಲ್ಲಿ 530 ವಸತಿಗಳ ಒಂದು ಸಮುಚ್ಚಯದಲ್ಲಿ ಒಬ್ಬಾಕೆ ಮನೆಯೊಳಗೇ ಸಾಕಿಕೊಂಡಿದ್ದ ಮೂರು ಬೆಕ್ಕುಗಳ ವಿಚಾರವು ರಾಜ್ಯದ ಉಚ್ಚತಮ ನ್ಯಾಯಾಲಯದವರೆಗೂ ಏರಿ, 1994ರಲ್ಲಿ ಬೆಕ್ಕುಗಳು ಸೋತುವು. ಅನಂತರ ಶಾಸನಸಭೆಯು ಒಂದು ಸಾಕುಪ್ರಾಣಿಗೆ ಅನುಮತಿ ಕೊಟ್ಟಿತು. ತನ್ನ ದೇಶದ ಬಾವುಟವನ್ನು ತನ್ನ ಮನೆಯ ಮುಂದೆ ಹಾರಿಸಲು ಸಂಘವು ಅಡ್ಡಬರಕೂಡದೆಂದು 2006ರಲ್ಲಿ ಅಮೆರಿಕದ ಕಾಂಗ್ರೆಸ್ಸೇ ಕಾಯಿದೆ ಮಾಡಬೇಕಾಗಿ ಬಂದಿತೆಂಬುದನ್ನು ಓದುವಾಗ ನಗು ಬಂದರೆ ಆಶ್ಚರ್ಯವಿಲ್ಲ.

ನಗಲಾಗದ ಪ್ರಶ್ನೆಯು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಬಡಾವಣೆಯದು. ಸುಮಾರು 10,000 ಜನರಿರುವ ಊರು ಅದು. ಸಂಘದ ನಿಯಮದಂತೆ ಚುನಾವಣೆಯ ಫಲಕವನ್ನು ಪ್ರತಿ ಕಿಟಕಿಯಲ್ಲಿ ಒಂದರಂತೆಯೂ, ಇನ್ನೊಂದನ್ನು ಮನೆಯ ಗೋಡೆಗೆ ಮೂರು ಅಡಿಯೊಳಗಿನ ಹೂವಿನ ಪಾತಿಯಲ್ಲಿಯೂ ಮಾತ್ರ ಇಡಬಹುದು. ಸಂಘದ ಪತ್ರಿಕೆಯಲ್ಲಿ ವಿರೋಧಿಗಳಿಗೆ ಸಮನಾದ ಸ್ಥಳ ದೊರೆಯುವುದಿಲ್ಲವೆಂಬ ದೂರೂ ಇತ್ತು. ಇದು ವಾಕ್ಸ್ವಾತಂತ್ರ್ಯಕ್ಕೆ ಭಂಗವಲ್ಲವೇ ಎಂದು ಕೆಲವು ನಿವಾಸಿಗಳು ಕೇಳಿದರು. 2007ರಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯವು ಸಂಘವು ಖಾಸಗಿ ಸಂಸ್ಥೆ, ಈ ನಿಯಮಗಳು ಸಂವಿಧಾನದ ಹಕ್ಕನ್ನು ಭಂಗಿಸುವುದಿಲ್ಲವೆಂದಿತು. ಆದರೆ 1946ರಲ್ಲಿ ಅಲಬಾಮಾದ ಚಿಕಸಾ ಎಂಬ, ಹಡಗು ಕಟ್ಟುವ ಕಂಪನಿಯೊಂದರ ಸ್ವಂತ ಪಟ್ಟಣದಲ್ಲಿ ಧಾರ್ಮಿಕ ಪತ್ರಿಕೆ ಹಂಚಿದ ಹೆಂಗಸಿಗೆ ಶಿಕ್ಷೆಯಾದಾಗ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಹೇಳಿದುದು ಬೇರೆ: ಪಟ್ಟಣದ ಒಡೆತನ ಕಂಪನಿಯದಾದರೇನು, ಅದು ಪಟ್ಟಣವೇ, ಸಂವಿಧಾನ ಅಲ್ಲಿಗೂ ಸಲ್ಲುತ್ತದೆ.

ನಮ್ಮ ಆಕ್ಷೇಪಣೆ ಇರುವುದು ಇಲ್ಲಿ. ಹಣ ವಸೂಲು ಮಾಡುವಾಗ ಸಂಘವನ್ನು ಕಾನೂನು ಬಹುಮಟ್ಟಿಗೆ ಪುರಸಭೆಯಂತೆ ಕಾಣುತ್ತದೆ. ವಂತಿಗೆಯು ತೆರಿಗೆಯಂತೆ ನೆಲದ ಮೇಲಿನ ಋಣ, ತಪ್ಪಿದರೆ ಹರಾಜು. ಸದಸ್ಯನು ಪೌರನಂತೆ ಮಾತನಾಡಬಯಸಿದರೆ ಮಾತ್ರ ಅದು ಖಾಸಗಿ ಕೂಟವಾಗಿಬಿಡುತ್ತದೆ. ಒಪ್ಪಿಗೆಯಿಂದ ಬಂದೆಯಲ್ಲ, ಒಗ್ಗದಿದ್ದರೆ ಹೊರಡು ಎನ್ನುತ್ತದೆ. ಶೆಲ್ಲಿ ಮೊಕದ್ದಮೆಯಲ್ಲಿ ಕಂಡುಕೊಂಡ ಸತ್ಯ, ಎಂದರೆ ಖಾಸಗಿ ಕರಾರಿನ ಹಿಂದೆ ಯಾವಾಗಲೂ ರಾಜ್ಯದ ಅಮೀನನು ನಿಂತಿರುತ್ತಾನೆಂಬುದು, ಜನಾಂಗದ ಪ್ರಶ್ನೆಯಿಂದ ಆಚೆಗೆ ಬಹುದೂರ ಹೋಗಲಿಲ್ಲ. ಒಪ್ಪಿಗೆಯ ಮಾತೂ ಪೂರ್ತಿ ನಿಜವಲ್ಲ. ಒಂದು ಪ್ರಾಂತದಲ್ಲಿ ಹೊಸದಾಗಿ ಏಳುವ ಮನೆಗಳೆಲ್ಲ ಸಂಘಕ್ಕೆ ಒಳಪಟ್ಟಿದ್ದರೆ ಕೊಳ್ಳುವವನು ಒಪ್ಪದೆ ಎಲ್ಲಿಗೆ ಹೋಗಬೇಕು?

ಹಾಗೆಂದು ಸಂಘದ ಅಧಿಕಾರವನ್ನು ಕುಗ್ಗಿಸಿದರೆ ಸಾಕೆಂಬ ವಾದವನ್ನು ಫ್ಲಾರಿಡಾದ ದುರಂತವು ತಡೆದು ನಿಲ್ಲಿಸುತ್ತದೆ. ಸರ್ಫ್‌ಸೈಡ್ ಎಂಬಲ್ಲಿ 1981ರಲ್ಲಿ ಕಟ್ಟಿದ್ದ, 12 ಅಂತಸ್ತುಗಳ, 136 ವಸತಿಗಳ ಕಟ್ಟಡವೊಂದರ ದೊಡ್ಡ ಭಾಗವು 2021ರ ಜೂನ್ 24ರ ನಡುರಾತ್ರಿ ಕುಸಿದು 98 ಜನ ಸತ್ತರು. ಈಜುಕೊಳದ ಸುತ್ತಲಿನ ಹಾಸಿನ ಕೆಳಗೆ ಗುರುತರವಾದ ಹಾನಿಯಾಗಿದೆಯೆಂದು ಎಂಜಿನಿಯರೊಬ್ಬರು 2018ರಲ್ಲಿಯೇ ವರದಿ ಕೊಟ್ಟಿದ್ದರು. ಖರ್ಚಿನ ಮಾತು ಬಂದೊಡನೆ ಒಡೆಯರಲ್ಲಿ ಒಡಕು ಹುಟ್ಟಿತು. 2019ರಲ್ಲಿ ಮಂಡಲಿಯ ಏಳು ಮಂದಿಯಲ್ಲಿ ಐವರು ರಾಜೀನಾಮೆ ಕೊಟ್ಟರು. ಕಡೆಗೆ ಒಂದೂವರೆ ಕೋಟಿ ಡಾಲರುಗಳ ವಿಶೇಷ ವಂತಿಗೆಗೆ ಒಪ್ಪಿಗೆಯಾದುದು 2021ರ ಏಪ್ರಿಲಿನಲ್ಲಿ. ಒಬ್ಬೊಬ್ಬರ ಪಾಲಿಗೆ 80,000 ಡಾಲರಿನಿಂದ ಮೇಲಕ್ಕೆ ಬಂದಿತ್ತು. ಪಾವತಿ ಜುಲೈ 1ರಿಂದ ಆರಂಭವಾಗಬೇಕಾಗಿತ್ತು. ಮೂಲ ವಿನ್ಯಾಸದಲ್ಲಿಯೇ ಕೊರತೆಗಳಿದ್ದುವೆಂದು ತನಿಖೆಯಲ್ಲಿ ಕಂಡುಬಂದಿರುವುದರಿಂದ ಎಲ್ಲವನ್ನೂ ಸಂಘದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಮೂರು ವರ್ಷ ಕೈಕಟ್ಟಿ ಕುಳಿತ ಆ ಮಂಡಲಿಯಲ್ಲಿ ಇದ್ದವರು ನಿರಂಕುಶರಲ್ಲ. ನೆರೆಯವರ ಮುನಿಸಿಗೆ ಅಂಜಿದ ಸಾಧಾರಣ ಗೃಹಸ್ಥರು. ಕರಾರು ವಂತಿಗೆಯನ್ನು ವಸೂಲು ಮಾಡಬಲ್ಲದು. ಮುಂದಿನ ಒಡೆಯರಿಗಾಗಿ ಇಂದಿನ ಒಡೆಯರು ಹಣ ಕೂಡಿಡಬೇಕೆಂಬ ಮನಸ್ಸನ್ನು ಅದು ಹುಟ್ಟಿಸಲಿಲ್ಲ. ಕಡಮೆ ವಂತಿಗೆಯ ಸುಖವನ್ನು ಉಂಡು ಮನೆ ಮಾರಿ ಹೊರಟವರ ಪಾಲಿನ ಭಾರವೂ ನೆಲಕ್ಕೆ ಅಂಟಿಕೊಂಡು ಕೊನೆಯಲ್ಲಿ ಇದ್ದವರ ಮೇಲೆ ಬಿದ್ದಿತು. ಮೂರು ಅಥವಾ ಹೆಚ್ಚು ಅಂತಸ್ತಿನ ಇಂತಹ ಕಟ್ಟಡಗಳಿಗೆ ಮೂವತ್ತು ವರ್ಷವಾದಾಗ ತಪಾಸಣೆ, ದುರಸ್ತಿಗೆ ಮೀಸಲು ನಿಧಿ ಕಡ್ಡಾಯವೆಂದು 2022ರಲ್ಲಿ ಆ ರಾಜ್ಯ ಶಾಸನ ಮಾಡಿತು. ವಂತಿಗೆಗಳು ಒಮ್ಮೆಲೇ ಏರಿ, ನಿವೃತ್ತಿವೇತನದಿಂದ ಬದುಕುವ ವೃದ್ಧರು ಮನೆ ಮಾರುವ ಸ್ಥಿತಿಗೆ ಬಂದಾಗ 2025ರಲ್ಲಿ ಕೆಲವು ಗಂಟುಗಳನ್ನು ಅದೇ ಶಾಸನಸಭೆ ಸಡಲಿಸಿತು.

ಲೆಸ್ಟರ್ ಚೌಕದ ತೋಟದ ಮುಂದಿನ ವೃತ್ತಾಂತವನ್ನು ಮೇಲೆ ಹೇಳದೆ ಬಿಟ್ಟೆವು. ಟಲ್ಕ್ ಮೊಕದ್ದಮೆಯನ್ನು ಗೆದ್ದ ಮರುವರ್ಷವೇ ತೀರಿಕೊಂಡನು. ಕಟ್ಟಡವಿರಕೂಡದೆಂದು ತೀರ್ಪಾಗಿದ್ದ ಆ ನೆಲದಲ್ಲಿ ಜೇಮ್ಸ್ ವೈಲ್ಡ್ ಎಂಬ ಭೂಪಟಕಾರನು 1851ರಲ್ಲಿ ಭೂಗೋಳದ ಒಂದು ಮಹಾಪ್ರತಿಕೃತಿಯನ್ನು ಕಟ್ಟಡದೊಳಗೆ ನಿಲ್ಲಿಸಿ, ಹಣ ತೆಗೆದುಕೊಂಡು ಜನರಿಗೆ ತೋರಿಸುತ್ತಿದ್ದನು. 1862ರಲ್ಲಿ ಅದನ್ನು ಕೆಡವಿದ ಮೇಲೆ ತೋಟವು ಕಸದ ಬಯಲಾಯಿತು. ನಡುವೆ ನಿಂತಿದ್ದ ಒಂದನೆಯ ಜಾರ್ಜ್ ದೊರೆಯ ಪ್ರತಿಮೆ ಕೈಕಾಲು ಮುರಿದು ಪುಂಡರ ಪಾಲಾಯಿತು. ಕಡೆಗೆ ಆಲ್ಬರ್ಟ್ ಗ್ರಾಂಟ್ ಎಂಬ ಧನಿಕನು ನೆಲವನ್ನು ಕೊಂಡು, ಹೂಗಿಡಗಳನ್ನು ನೆಡಿಸಿ, 1874ರಲ್ಲಿ ಲಂಡನ್ನಿನ ಸಾರ್ವಜನಿಕ ಕಾಮಗಾರಿಗಳ ಮಂಡಲಿಗೆ ಒಪ್ಪಿಸಿದನು. ಅಂದಿನಿಂದ ಅದು ಎಲ್ಲರಿಗೂ ತೆರೆದ ಉದ್ಯಾನವಾಗಿದೆ.